ಎಡಗಡೆಯ ಗೇಟು

ಬ್ಲಫ್ ಬಂದರಿನ ಗಾಳಿಯಲ್ಲಿ ಉಪ್ಪೂ ಇತ್ತು, ರಕ್ತವೂ.
ಒಣಹಾಕಿದ ಬಟ್ಟೆ ಎರಡನ್ನೂ ಕುಡಿಯುತ್ತಿತ್ತು.
ನಾನು ಹೊಲಿಗೆ ಕೋಣೆಯವಳು. ಕುರಿ ಕಂಡದ್ದು ಕಡಿಮೆ,
ಅದರ ಅಳತೆ ಮಾತ್ರ ಬೆರಳಿಗೆ ಗೊತ್ತು:
ತಲೆಯಿಲ್ಲದ, ಕಾಲು ಮೇಲಾದ ಒಂದು ಆಕಾರಕ್ಕೆ
ಬಿಳಿ ಹತ್ತಿಯ ಜಾಳು ಚೀಲ,
ದಿನಕ್ಕೆ ನಾನೂರು.

ಯುದ್ಧ ಮುಗಿದು ಎರಡು ವರ್ಷ.
ಗೆದ್ದವರು ಹಸಿದಿದ್ದಾರೆ ಎನ್ನುತ್ತಿತ್ತು ರೇಡಿಯೋ.
ಇಂಗ್ಲೆಂಡಿಗೆ ನಾವು ‘ಊರು’ ಎನ್ನುತ್ತಿದ್ದೆವು,
ಅಜ್ಜನ ನಂತರ ನಮ್ಮಲ್ಲಿ ಯಾರೂ ಕಾಣದ ಊರು.
ಊರಿಗೆ ಹಡಗು, ಊರಿಗೆ ಬೆಣ್ಣೆ, ಊರಿಗೆ ಮಾಂಸ.
ಊರು ಕರೆಯಿತೆಂದು ಹೋದ ನನ್ನಣ್ಣ ಹೆಕ್ಟರ್
ಕ್ರೀಟಿನ ಒಂದು ಆಲಿವ್ ತೋಪಿನಲ್ಲೇ ಉಳಿದ.

ದಿನಕ್ಕೆ ಐದು ಸಾವಿರ ಕೆಡವುವ ನಾವೇ
ಶನಿವಾರ ಮಕ್ರಾಸ್ಟಿಯ ಅಂಗಡಿಯೆದುರು
ಕೂಪನ್ ಹಿಡಿದು ಸಾಲು ನಿಲ್ಲುತ್ತಿದ್ದೆವು.
‘ಸ್ವಲ್ಪ ಕೊಬ್ಬಿರೋದು ಕೊಡಪ್ಪ’ ಎಂದಳು ಅಮ್ಮ.
‘ಕೊಬ್ಬೆಲ್ಲ ಹಡಗು ಹತ್ತಿತು ತಾಯಿ,
ಎಲುಬಿದೆ, ಒಳ್ಳೆಯ ಎಲುಬು.’

ಬಿಷಪ್ಪು ಅಂತ ಒಂದು ಟಗರಿತ್ತು ಕಾರ್ಖಾನೆಯಲ್ಲಿ.
ಬೀಜ ತೆಗೆದದ್ದು, ಧರ್ಮೋಪದೇಶದ ಮುಖದ್ದು.
ಬಿಸ್ಕತ್ತು ತಿನ್ನುತ್ತಿತ್ತು, ಕೊಟ್ಟರೆ ತಂಬಾಕೂ.
ಇಳಿಜಾರಿನ ಬುಡದಲ್ಲಿ ಬೆದರಿ ನಿಂತ ಮಂದೆಯೆದುರು
ಒಮ್ಮೆ ಕೆಮ್ಮುವುದು,
ಆಮೇಲೆ ಅವಸರವಿಲ್ಲದೆ ಹತ್ತುವುದು.
ಅದು ಹತ್ತಿತೆಂದು ಅವೂ.
ತುದಿಯಲ್ಲಿ, ಎಡಕ್ಕೆ, ಸೊಂಟದೆತ್ತರದ ಗೇಟು.
ರಾವಿರಿ ಕಾಲಿನಿಂದ ಅದನ್ನು ತಳ್ಳಿ ಹಿಡಿಯುತ್ತಿದ್ದ,
ಬಿಷಪ್ಪು ಹೊರಕ್ಕೆ, ಗೇಟು ಟಪ್ಪೆಂದು ಮುಚ್ಚಿ,
ಉಳಿದವು ನೆಟ್ಟಗೆ.

ಒಂದು ರಾತ್ರಿ ಅಮ್ಮ ಪಾತ್ರೆ ತೊಳೆಯುತ್ತ ಕೇಳಿದಳು,
ಯಾರನ್ನೆಂದು ನನಗೆ ಗೊತ್ತಾಗಲಿಲ್ಲ:
‘ನಮ್ಮ ಹೆಕ್ಟರನ ಮುಂದೆ ನಡೆದವನು ಯಾರೋ,
ಅವನಿಗೊಂದು ಗೇಟು ಇತ್ತೋ?’

ಏಪ್ರಿಲ್ ಬಂತೆಂದರೆ ರಾವಿರಿಯ ಮಂದಿ
ದೋಣಿ ತುಂಬಿಕೊಂಡು ತೆಂಕಣ ದ್ವೀಪಗಳಿಗೆ ಹೋಗುವರು,
ಬಿಲದೊಳಗಿನ ತೀತೀ ಹಕ್ಕಿಯ ಮರಿ ಹಿಡಿಯಲು.
ಆ ಹಕ್ಕು ಅವರದು, ಕಂಪನಿಯ ರಜೆಯಲ್ಲ ಅದು.
ಬದಲಿಗೆ ನಿಲ್ಲುತ್ತಿದ್ದ ಸೋದರಳಿಯನೂ ಆ ವರ್ಷ ಹೋದ.
ಗೇಟಿಗೆ ಬಂದವನು ಲಾರ್ನ್, ಹದಿನಾರರ ಹುಡುಗ,
ಕೈಗೆ ಅಪ್ಪನ ಕೋಟು ಉದ್ದ.
ಯಾರೂ ಅವನಿಗೆ ಹೇಳಿರಲಿಲ್ಲ,
ಎಲ್ಲರಿಗೂ ಗೊತ್ತಿರುವುದನ್ನು ಯಾರು ಹೇಳುತ್ತಾರೆ?

ಬಿಷಪ್ಪು ಎಡಕ್ಕೆ ತಿರುಗಿ ನಿಂತಿತಂತೆ.
ಕಾದಿತಂತೆ.
ಮತ್ತೊಮ್ಮೆ ಕೆಮ್ಮಿತಂತೆ.
ಹಿಂದಿನಿಂದ ಇನ್ನೂರು ಮೈ ಒತ್ತುತ್ತಿತ್ತು,
ತಾನೇ ನಂಬಿಸಿ ತಂದವು.

ಸರಪಳಿ ಯಾರಿಗೂ ನಿಲ್ಲುವುದಿಲ್ಲ.
ಹನ್ನೊಂದು ಗಂಟೆಗೆ ಹೊಲಿಗೆ ಕೋಣೆಗೆ ಆಳು ಬಂದ:
‘ಒಂದು ದೊಡ್ಡ ಚೀಲ ಬೇಕು. ಕೇಳಬೇಡ.’
ನಾನು ಕೇಳಲಿಲ್ಲ. ಎರಡು ಚೀಲ ಬಿಚ್ಚಿ ಒಂದು ಮಾಡಿದೆ.
ತೂಕ ತೊಂಬತ್ತೊಂದು ಪೌಂಡು, ದರ್ಜೆ ಕಡೆಯದು.
ಬಿಡೋಣವೇ ಎಂದರೆ ಮೇಸ್ತ್ರಿ,
‘ಎಣಿಕೆ ಎಣಿಕೆಯೇ’ ಎಂದು ನೀಲಿ ಮುದ್ರೆ ಒತ್ತಿಸಿದ.
ಮಂಗಳವಾರ ಹಡಗು, ಪನಾಮಾ ದಾಟಿ ಊರು.
ಅಲ್ಲಿ ಯಾರದೋ ಭಾನುವಾರ,
ಯಾರದೋ ಕೂಪನ್ನು,
ಎಷ್ಟು ಬೇಯಿಸಿದರೂ ಬೇಯದ ತೊಡೆ.
ಪಾಪ, ನಮ್ಮನ್ನು ಬೈದಿರಬೇಕು.

ಮೇ ಕೊನೆಗೆ ರಾವಿರಿ ಬಂದ.
ಕಡಲಪಾಚಿಯ ಚೀಲದಲ್ಲಿ ತನ್ನದೇ ಕೊಬ್ಬಿನಲ್ಲಿ ಮುಳುಗಿದ ಹಕ್ಕಿ,
ನಮ್ಮಮ್ಮನಿಗೆಂದು ಎರಡು.
ಆ ಚೀಲಕ್ಕೆ ಹೊಲಿಗೆಯಿರಲಿಲ್ಲ, ಮುದ್ರೆಯೂ.
ತಿರುವಿ ತಿರುವಿ ನೋಡಿದೆ.

ಬಿಷಪ್ಪು ಎಲ್ಲಿ ಎಂದು ಅವನು ಒಮ್ಮೆ ಮಾತ್ರ ಕೇಳಿದ.
ಎಲ್ಲರಿಗೂ ಏನೋ ಕೆಲಸವಿತ್ತು.
ಲಾರ್ನ್ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

ಮರುದಿನ ನಸುಕಿನಲ್ಲಿ, ಮೊದಲ ಮಂದೆ ಬರುವ ಮುಂಚೆ,
ರಾವಿರಿ ಆ ಗೇಟನ್ನು ತೆರೆದ,
ಕೀಲಿಗೆ ಒಂದಿಷ್ಟು ಕುರಿಕೊಬ್ಬು ಸವರಿದ,
ಕಿರುಗುಟ್ಟದಷ್ಟು ಮೆತ್ತಗಾಗುವ ತನಕ
ತಳ್ಳಿ ಬಿಟ್ಟ, ತಳ್ಳಿ ಬಿಟ್ಟ.